ಅಮಾವಾಸ್ಯೆಯ ಅಂಗಿ

ವರ್ಷಕ್ಕೊಮ್ಮೆ, ಪಿತೃಪಕ್ಷ ಮುಗಿಯುವ ಮಹಾನವಮಿ ಅಮಾವಾಸ್ಯೆಯ ಸಂಜೆ, ನಮ್ಮಪ್ಪ ಹೊಸ ಅಂಗಿ ತೊಟ್ಟುಕೊಂಡು ಮನೆಗೆ ಬರುತ್ತಿದ್ದರು. ಬೆಳಿಗ್ಗೆ ತೊಟ್ಟುಕೊಂಡು ಹೋಗಿದ್ದ ಅಂಗಿ ಕೈಚೀಲದಲ್ಲಿ ಮಡಚಿಕೊಂಡು ಕೂತಿರುತ್ತಿತ್ತು. ನಮ್ಮದು ಕಲಬುರಗಿಯ ಬ್ರಹ್ಮಪುರದಲ್ಲಿ ಹಳೆಯ ಮನೆ. ಅಮ್ಮನನ್ನು ನಾನು ಆಯಿ ಎನ್ನುತ್ತೇನೆ; ಅಪ್ಪ ಹೊಸ್ತಿಲು ದಾಟುವ ಮೊದಲೇ ಆಯಿ ಕೇಳುತ್ತಿದ್ದಳು, "ಎಲ್ಲಿ ತಗೊಂಡ್ರಿ?"

"ಜಗತ್‌ನ್ಯಾಗ" ಎನ್ನುತ್ತಿದ್ದರು ಅಪ್ಪ. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಬಿಳಿ ಬಟ್ಟೆ, ಅದರ ಮೇಲೆ ತೆಳು ನೀಲಿ ಗೆರೆ, ತುಂಬು ತೋಳು, ಹಳೆಯ ಕಾಲದ ಉದ್ದ ಮೂತಿಯ ಕಾಲರು. ಪ್ರತಿ ವರ್ಷವೂ ಅದೇ. ಒಂದು ವರ್ಷ ಸ್ವಲ್ಪ ಬಿಗಿ, ಇನ್ನೊಂದು ವರ್ಷ ಸ್ವಲ್ಪ ಸಡಿಲು, ಅಷ್ಟೇ ವ್ಯತ್ಯಾಸ. ನನಗೆ ಕೈಗೆ ಸಂಬಳ ಬರತೊಡಗಿದ ಮೇಲೆ ಅಪ್ಪನಿಗೆ ಅಂಥದೇ ಒಂದು ಅಂಗಿ ಕೊಡಿಸಬೇಕೆಂದು ಜಗತ್ ಸರ್ಕಲ್ಲಿನ ಅಂಗಡಿಗಳನ್ನೆಲ್ಲ ಹತ್ತಿ ಇಳಿದೆ. ಒಬ್ಬ ಅಂಗಡಿಯವನು ನಕ್ಕು, "ಸಾಹೇಬರ, ಈ ಕಾಲರ್ ನಮ್ಮ ಅಬ್ಬಾ ಗಲ್ಲೇದ ಮ್ಯಾಲ ಕುಂದರ್ತಿದ್ದಾಗ ಬಂದಿತ್ತು" ಎಂದ. ಅಪ್ಪನ ಅಂಗಡಿ ಯಾವುದೋ ನನಗೆ ಗೊತ್ತಾಗಲಿಲ್ಲ. ಕೇಳಿದರೆ ಅವರು ಪೇಪರು ಅಡ್ಡ ಹಿಡಿದರು.

ಆ ದಿನ ಅಪ್ಪ ರಾತ್ರಿ ಊಟ ಬೇಡ ಎನ್ನುತ್ತಿದ್ದರು. ಚೀಲದಲ್ಲಿ ಕೆಂಪು ಬಾಳೆಹಣ್ಣು ಇರುತ್ತಿತ್ತು. ಇನ್ನು ಆಯಿಯದೊಂದು ವಿಚಿತ್ರ. ಆ ಹೊಸ ಅಂಗಿಯನ್ನು ಅಪ್ಪನ ಮೈಮೇಲಿಂದ ತೆಗೆಸಿ, ಒಳಮನೆಗೆ ತರಗೊಡದೆ, ಹಿತ್ತಲಿನ ಬಕೆಟ್ಟಿನಲ್ಲಿ ಬೇರೆಯಾಗಿ ನೆನೆಹಾಕುತ್ತಿದ್ದಳು. ಹೊಸ ಬಟ್ಟೆ ಒಗೆಯುವುದು ಯಾಕೆಂದು ನಾನು ಕೇಳಿದರೆ, "ಅಂಗಡಿ ಅರಿವಿ, ಯಾರ್ಯಾರ ಕೈ ಹತ್ತಿರ್ತಾವೋ" ಎನ್ನುತ್ತಿದ್ದಳು. ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದ ನನಗೆ ಅದು ದೊಡ್ಡ ಸಂಗತಿ ಅನ್ನಿಸಲೇ ಇಲ್ಲ.

ಹೋದ ವರ್ಷ ಶ್ರಾವಣದಲ್ಲಿ ಅಪ್ಪ ತೀರಿಕೊಂಡರು. ಕಾಯಿಲೆ ಅವರನ್ನು ಒಳಗಿನಿಂದಲೇ ತಿಂದುಹಾಕಿತ್ತು. ಕೊನೆಗೆ ನಾನು ಅವರನ್ನು ಎತ್ತಿ ಕೂರಿಸುವಾಗ ಕೈಗೆ ಭಾರವೇ ಹತ್ತುತ್ತಿರಲಿಲ್ಲ.

ನಾನು ಊರಿನ ಹಳೆಯ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಅಪ್ಪ ಕಲಿತದ್ದೂ ಅದೇ ಶಾಲೆಯಲ್ಲಿ. ಈ ವರ್ಷ ನಮ್ಮ ಹೆಡ್‌ಮಾಸ್ತರರಿಗೆ ಒಂದು ಹುರುಪು ಬಂತು. ಶಾಲೆಯಲ್ಲಿ ಕಲಿತು, ಸೈನ್ಯ ಸೇರಿ, ಎಪ್ಪತ್ತೊಂದರ ಯುದ್ಧದಲ್ಲಿ ಸತ್ತ ಹುಡುಗನೊಬ್ಬ ಇದ್ದನಂತೆ, ಕಮಲಾಪುರದವನಂತೆ, ಅವನ ಫೋಟೋ ಶಾಲೆಯ ಹಾಲ್‌ನಲ್ಲಿ ಹಾಕಬೇಕು, ಕೆಳಗೆ ಒಂದು ಪುಟದ ಬರಹ ಬೇಕು. "ಮಕ್ಕಳ ರಕ್ತ ಕುದಿಬೇಕ್ರಿ ಸರ, ಹಂಗ ಬರೀರಿ" ಎಂದರು.

"ಮೊದಲ ಅವ ಯಾರಂತ ತಿಳ್ಕೊಳ್ಳೋಣ್ರಿ, ರಕ್ತ ಆಮ್ಯಾಲ ಕುದಸೋಣು" ಎಂದೆ. ಇಂಥ ಬರಹಗಳೆಂದರೆ ನನಗೆ ಮೊದಲಿನಿಂದಲೂ ಅಲರ್ಜಿ. ಸತ್ತವನ ಹೆಸರು ತೆಗೆದು ಇನ್ನೊಬ್ಬನ ಹೆಸರು ಹಾಕಿದರೂ ನಡೆಯುವಂತಿರುತ್ತವೆ.

ಶಾಲೆಯ ಅಟ್ಟದಲ್ಲಿ ಒಂದು ಗ್ರೂಪ್ ಫೋಟೋ ಸಿಕ್ಕಿತು. ನಿವೃತ್ತರಾದ ಮಾಸ್ತರರೊಬ್ಬರು ಬೆರಳಿಟ್ಟು, ಇವನೇ ಎಂದು ತೋರಿಸಿದರು. ಸಾಧಾರಣ ಮುಖ, ಎಣ್ಣೆ ಹಚ್ಚಿ ಬಾಚಿದ ತಲೆ, ಗೆರೆಗೆರೆಯ ಅಂಗಿ, ಉದ್ದ ಮೂತಿಯ ಕಾಲರು. ಅವನ ಹೆಗಲ ಮೇಲೆ ಪಕ್ಕದ ಹುಡುಗನ ಕೈ ಇತ್ತು. ಆ ಪಕ್ಕದವನ ಕಿವಿಗಳನ್ನು ನೋಡಿದೆ. ಆ ಕಿವಿಗಳು ನನ್ನ ಮುಖದಲ್ಲೂ ಇವೆ, ಕನ್ನಡಿಯಲ್ಲಿ ದಿನಾ ನೋಡುತ್ತೇನೆ. ಅದು ನಮ್ಮಪ್ಪ.

ನನಗೆ ಮೊದಲು ಬಂದದ್ದು ಸಿಟ್ಟು. ಜೀವದ ಗೆಳೆಯನೊಬ್ಬ ಯುದ್ಧದಲ್ಲಿ ಸತ್ತದ್ದನ್ನು ಮಗನಿಗೆ, ಅದೂ ಇತಿಹಾಸ ಕಲಿಸುವ ಮಗನಿಗೆ, ಒಂದು ಮಾತು ಹೇಳಬಾರದಿತ್ತೇ? ಆಯಿಗೆ ಫೋಟೋ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಇಬ್ಬರೂ ಒಂದೇ ಅಳತಿ ಇದ್ರಂತ. ಇವರ ಅಂಗಿ ಅವ, ಅವನ ಅಂಗಿ ಇವರು ಹಾಕ್ಕೋತಿದ್ರಂತ" ಎಂದಳು. ಮತ್ತೇನು ಗೊತ್ತು ಎಂದು ಕೇಳಿದೆ. "ನಂಗೇನು ಗೊತ್ತಿರ್ತದ" ಎಂದು ಎದ್ದು ಒಳಗೆ ಹೋದಳು.

ಭಾದ್ರಪದದ ಕೊನೆಯ ವಾರ, ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇರುವಾಗ, ನಾನು ಕಮಲಾಪುರದ ಬಸ್ಸು ಹತ್ತಿದೆ. ರಸ್ತೆಯ ಎರಡೂ ಬದಿಗೆ ತೊಗರಿ ಸೊಂಪಾಗಿ ನಿಂತಿತ್ತು. ಮೋಡವಿದ್ದೂ ಮಳೆಯಿಲ್ಲದ ಸೆಕೆ. ಬಸ್ಸು ನಿಲ್ಲುವಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಒಬ್ಬಾಕೆ ಕೂತಿದ್ದಳು. ಯುದ್ಧದಲ್ಲಿ ಸತ್ತ ಮಿಲಿಟರಿಯವರ ಮನೆ ಯಾವುದವ್ವಾ ಎಂದು ಅವಳನ್ನೇ ಕೇಳಿದೆ.

"ಮಿಲಿಟರಿ ಅಣ್ಣಾವರ ಮನೀರಿ? ಆ ಓಣ್ಯಾಗ ಹೋಗ್ರಿ, ಮಷೀನ್ ಸಪ್ಪಳ ಕೇಳ್ತದ, ಅದೇ ಮನಿ. ಆದ್ರ ಅವರು ಹೋದ ವರ್ಷ ಬರ್ಲೇ ಇಲ್ಲ ನೋಡ್ರಿ."

"ಯಾರು ಬರ್ಲಿಲ್ಲ?"

"ಅವರೇರಿ, ಮಿಲಿಟರಿ ಅಣ್ಣಾವರು. ವರ್ಷಾ ಅಮಾಸಿಗಿ ಬರ್ತಾರ. ಹೋಗೂ ಮುಂದ ನನ್ನ ಕಡೇನೇ ಹಣ್ಣು ಒಯ್ತಾರ. ಈಗೀಗ ತಲಿ ಪೂರಾ ಬೆಳ್ಳಗಾಗಿತ್ತು, ಭಾಳ ಸೊರಗಿದ್ರು."

"ನಾನು ಕೇಳಾಕತ್ತಿದ್ದು ಯುದ್ಧದಾಗ ಸತ್ತವರ ಬಗ್ಗೆ" ಎಂದೆ.

"ಹೌದ್ರಿ, ಅವರೇ" ಎಂದಳು ಅವಳು, ನನಗೆ ಕಿವಿ ಮಂದವೇನೋ ಎಂಬಂತೆ.

ನಾನು ದೆವ್ವ ಭೂತ ನಂಬುವವನಲ್ಲ. ಆದರೆ ಹಾಡುಹಗಲು, ಬಸ್ಸುಗಳು ಹಾರ್ನ್ ಹೊಡೆಯುತ್ತಿರುವಾಗ, ಹಣ್ಣು ಮಾರುವ ಹೆಂಗಸು ಸತ್ತವನ ತಲೆ ನೆರೆತ ಸುದ್ದಿ ಹೇಳಿದರೆ ಏನು ಮಾಡಬೇಕು? ಓಣಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತ ನಡೆದೆ. ಯಾರನ್ನೋ ನೋಡಿ ಯಾರೋ ಅಂದುಕೊಂಡಿದ್ದಾಳೆ, ಅಷ್ಟೇ.

ಹೊಲಿಗೆ ಮಷೀನಿನ ಸದ್ದು ಕೇಳಿಸಿತು. ಫರಸಿ ಕಲ್ಲು ಹಾಸಿದ ಕಟ್ಟೆ, ತೆರೆದ ಬಾಗಿಲು. ಹೊಸ್ತಿಲ ಹೊರಗೆ ಒಂದು ತಂಬಿಗೆ ನೀರು, ಕಾಲು ತೊಳೆಯುವವರಿಗೆಂದು ಇಟ್ಟ ಹಾಗೆ. ನಾನು ಚಪ್ಪಲಿ ಬಿಟ್ಟು ಒಳಗೆ ಬಾಗಿದೆ. ಮಷೀನಿನ ಹಿಂದೆ ಕೂತಿದ್ದ ವಯಸ್ಸಾದ ಹೆಂಗಸು ತಲೆ ಎತ್ತಲಿಲ್ಲ. ಬೆಳಕಿಗೆ ಅಡ್ಡ ನಿಂತ ನನ್ನ ನೆರಳು ನೆಲದ ಮೇಲೆ ಬಿದ್ದಿತ್ತು. ಅವರು ಆ ನೆರಳಿನ ಹೆಗಲನ್ನು ನೋಡಿ, "ಭಾಳ ತಡಾ ಮಾಡ್ದಿ ಅಣ್ಣಾ. ಒಂದು ವರ್ಷ ಬಾಗಲಾ ತೆರದಿಟ್ಟೀನಿ" ಎಂದರು.

ನಾನು ಯಾರೆಂದು ಹೇಳಿದೆ. ಯಾವ ಶಾಲೆಯಿಂದ ಬಂದೆ, ಯಾಕೆ ಬಂದೆ ಎಲ್ಲ ಹೇಳಿದೆ. ಅಪ್ಪನ ಹೆಸರು ಹೇಳಿದ ಕೂಡಲೇ ಮಷೀನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. ಅವರು ಆ ಸೈನಿಕನ ತಂಗಿ. ಗಂಡ ತೀರಿದ ಮೇಲೆ ತವರಿಗೆ ಬಂದು, ಓಣಿಯ ಹೆಂಗಸರ ಕುಬುಸ ಹೊಲಿಯುತ್ತ ಇದ್ದಾರೆ.

"ಅವರು ಎಲ್ಲಿ?" ಎಂದು ಕೇಳಿದರು.

"ಹೋದ ವರ್ಷ ಶ್ರಾವಣದಾಗ ತೀರ್ಕೊಂಡ್ರು, ಅಕ್ಕಾರ."

ಅವರು ಅಳಲಿಲ್ಲ. ಕತ್ತರಿ ತೆಗೆದು ದಾರ ಕತ್ತರಿಸಿದರು. ಆಮೇಲೆ, "ಅದಕ್ಕೇ ಅಣ್ಣ ಹೊರಗ ನಿಂತಾನ" ಎಂದರು.

ಅವತ್ತು ಅವರು ಹೇಳಿದ್ದು ಇಷ್ಟು. ಮಹಾನವಮಿ ಅಮಾವಾಸ್ಯೆಗೆ ಅವರ ಮನೆಯಲ್ಲಿ ಹಿರಿಯರಿಗೆ ಅರಿವಿ ಇಡುತ್ತಾರೆ. ತೀರಿಹೋದ ಒಬ್ಬೊಬ್ಬರ ಹೆಸರಿಗೂ ಹೊಸ ಬಟ್ಟೆ ಇಟ್ಟು, ಪೂಜೆ ಮಾಡಿ, ಎಡೆ ಹಿಡಿಯುತ್ತಾರೆ. ಆಮೇಲೆ ಆ ಬಟ್ಟೆಯನ್ನು ಜೀವಂತ ಇರುವವರು ಯಾರಾದರೂ ಉಟ್ಟು ತೊಟ್ಟು ಊಟ ಮಾಡಬೇಕು. ಆಗಲೇ ಅದು ಸತ್ತವರಿಗೆ ಮುಟ್ಟಿದ ಲೆಕ್ಕ. ಇಷ್ಟು ನಮ್ಮ ಕಡೆ ಬಹಳ ಮನೆಗಳಲ್ಲಿ ಇದ್ದದ್ದೇ. ಈ ಮನೆಗೆ ಯುದ್ಧದ ವರ್ಷ ಬಂದದ್ದು ಒಂದು ತಂತಿ, ಆಮೇಲೆ ಒಂದು ಟ್ರಂಕು. ಮಣ್ಣು ಮಾಡಲು ಹೆಣ ಬರಲಿಲ್ಲ. ಮುಂದಿನ ಅಮಾವಾಸ್ಯೆಗೆ ತಾಯಿ ಮಗನ ಅಳತೆಗೆ ಅಂಗಿ ಹೊಲಿದು ಇಟ್ಟಳು. ತೊಡಲು ಆ ವಯಸ್ಸಿನ ಗಂಡಸು ಮನೆಯಲ್ಲಿರಲಿಲ್ಲ. ಅದೇ ಹೊತ್ತಿಗೆ ಮಾತಾಡಿಸಿ ಹೋಗಲೆಂದು ಬಾಗಿಲಿಗೆ ಬಂದವರು ನಮ್ಮಪ್ಪ.

"ನಮ್ಮವ್ವ ಒಂದು ಮಾತು ಕೇಳ್ಲಿಲ್ಲ. ಅಂಗಿ ಒಯ್ದು ಅವರ ಮೈಗೆ ಹಾಕಿದ್ಳು. ಗುಂಡಿ ತಾನೇ ಹಾಕಿದ್ಳು. ಅಚ್ಚಾಗಿ ಕುಂತಿತ್ತು. ಅವರು ಎಡಿ ಮುಂದ ಕುಂತು ಹೋಳಿಗಿ ಉಂಡ್ರು. ಉಣ್ಣೂತನಕಾ ಅಳಾಕತ್ತಿದ್ರು. ನಾ ಸಣ್ಣಾಕಿ, ಹಿಂದ ಕುಂತಿದ್ದೆ."

ನಮ್ಮ ಮನೆಯ ಕಟ್ಟುನಿಟ್ಟು ನನಗೆ ಗೊತ್ತು. ಬೇರೆ ಮನೆಯಲ್ಲಿ, ಬೇರೆಯವರ ಸತ್ತವರ ಬಟ್ಟೆ ತೊಟ್ಟು, ಪಿತೃಪಕ್ಷದಲ್ಲಿ ಉಂಡು ಬಂದರೆಂದು ಅಜ್ಜಿಯ ಕಿವಿಗೆ ಬಿದ್ದಿದ್ದರೆ ಅಪ್ಪನನ್ನು ಬೀದಿಯಲ್ಲೇ ನಿಲ್ಲಿಸುತ್ತಿದ್ದಳು. ಅದಕ್ಕೆ ಜಗತ್ ಸರ್ಕಲ್ಲಿನ ಸುಳ್ಳು ಬೇಕಾಗಿತ್ತು.

"ಅಪ್ಪನ ಮೈ ಬೆಳದಂಗ ಅಂಗಿನೂ ದೊಡ್ಡದಾಗ್ತಾ ಹೋಗಿದ್ದು ಯಾಕ್ರಿ?" ಎಂದು ಕೇಳಿದೆ. ಸತ್ತವನ ಅಳತೆ ಬದಲಾಗುವುದಿಲ್ಲವಲ್ಲ.

"ಅವ್ವ ಅಂತಿದ್ಳು, ಹಿರಿಯರ ಆ ಸಾಲಿನ್ಯಾಗ ಅಜ್ಜ, ಮುತ್ತಜ್ಜ ಎಲ್ಲಾ ಮುದುಕರು. ಅವರ ನಡುವ ಒಬ್ಬ ಹುಡುಗ ಹೆಂಗ ಕುಂದ್ರಬೇಕು, ನಾಚ್ಕೋತಾನ. ಅವನೂ ದೊಡ್ಡವ ಆಗ್ಲಿ. ಅಂದ್ಳು, ಹಂಗೇ ಹೊಲಿದ್ಳು. ಅವ್ವ ಹೋದಮ್ಯಾಲ ನಾ ಹೊಲಿಯಾಕತ್ತೆ. ಅವರು ಉಣ್ಣಾಕ ಕುಂತಾಗ ಹಿಂದ ಕುಂತು ಗೇಣು ಹಾಕಿ ನೋಡ್ತಿದ್ದೆ, ಮುಂದಿನ ವರ್ಷಕ್ಕ."

ಎದ್ದು ಟ್ರಂಕು ತೆರೆದರು. ಅದರಲ್ಲಿ ಸೈನಿಕನ ಹಳೆಯ ಅಂಗಿ ಇತ್ತು. ಅವನು ಸೈನ್ಯಕ್ಕೆ ಹೋಗುವಾಗ ಬಿಟ್ಟುಹೋದದ್ದಂತೆ, ಫೋಟೋದಲ್ಲಿ ಕಂಡಂಥದೇ ಗೆರೆ. ಹೋದ ವರ್ಷ ಇಟ್ಟು, ಯಾರೂ ತೊಡದೆ ಉಳಿದ ಅಂಗಿಯನ್ನೂ ತೆಗೆದರು. "ಕಡೀಕಡೀಕ ಅವರು ಇಳದಿದ್ರು. ಇನ್ನೂ ಇಳೀತಾರಂತ ನಾನೇ ಒಂದು ಬೆರಳು ಕಡಿಮಿ ಹಿಡದೆ" ಎಂದು ಎರಡನ್ನೂ ಫರಸಿಯ ಮೇಲೆ ಒಂದರ ಮೇಲೊಂದು ಹಾಸಿದರು. ಹೆಗಲಿಗೆ ಹೆಗಲು, ತೋಳಿಗೆ ತೋಳು ಕೂಡಿತು. ಮುದುಕನಾಗಿ ಸಾಯುತ್ತಿದ್ದ ನಮ್ಮಪ್ಪ ಕೊನೆಗೆ ಆ ಹುಡುಗನ ಅಳತೆಗೆ ಬಂದು ನಿಂತಿದ್ದರು.

ನನಗೆ ನೀರು ಬೇಕಾಯಿತು. ಹೊರಗಿದ್ದ ತಂಬಿಗೆಗೆ ಕೈ ಚಾಚಿದೆ. "ಅದು ಬ್ಯಾಡ ತಮ್ಮಾ, ಅದು ಅಣ್ಣಂದು" ಎಂದರು. ದಿನಾ ತುಂಬಿಡುತ್ತಾರಂತೆ, ಬೆಳಗಾದರೆ ಒಂದಿಷ್ಟು ಕಡಿಮೆಯಾಗಿರುತ್ತದಂತೆ. ಕಾಗೆ ಕುಡಿಯುತ್ತದೆ, ಸೆಕೆಗೆ ಆರುತ್ತದೆ, ನನಗೂ ಗೊತ್ತು. ಆದರೂ ಕೈ ಹಿಂದೆ ತೆಗೆದೆ.

"ಹೋದ ವರ್ಷದ್ದು ಅವಗ ಮುಟ್ಟಿಲ್ಲ" ಎಂದರು ಅವರು. "ಈ ವರ್ಷನೂ ಮುಟ್ಟಲಿಲ್ಲಂದ್ರ ಅವ ಯಾವ ಮನೀಗಿ ಹೋಗ್ಬೇಕು? ನನಗೂ ವಯಸ್ಸಾತು. ನಾ ಹೋದಮ್ಯಾಲ ಇಲ್ಲಿ ಯಾರದಾರ? ಒಂದು ಸಲ ಒಳಗ ಕರಕೊಂಡು ಉಣಿಸಿ ಹೋಗ್ತೀನಿ. ನೀವು ಬರ್ತೀರಿ?"

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಬಸ್ಸಿನಲ್ಲಿ ಕೂತು, ಇದೆಲ್ಲ ಮುದುಕಿಯ ಮನಸ್ಸಿನ ಆಟ, ನಾನು ಬರೆಯಬೇಕಾದ್ದು ಒಂದು ಪುಟ, ಬರೆದು ಕೈತೊಳೆದುಕೊಳ್ಳುತ್ತೇನೆ ಎಂದುಕೊಂಡೆ. ಬರೆಯಲು ಕೂತರೆ ಪೆನ್ನು ಓಡಲಿಲ್ಲ. 'ಚಿಕ್ಕ ವಯಸ್ಸಿನಲ್ಲಿಯೇ' ಎಂದು ಶುರು ಮಾಡಿದ್ದನ್ನು ಹೊಡೆದುಹಾಕಿದೆ. ನನಗೆ ಗೊತ್ತಿದ್ದ ಒಬ್ಬನೇ ಸೈನಿಕನ ತಲೆ ನೆರೆತಿತ್ತು, ಸೊಂಟ ನೋಯುತ್ತಿತ್ತು, ಅವನು ಸಂಜೆ ಬ್ರಹ್ಮಪುರದ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದ. ಯುದ್ಧ ಕಸಿದುಕೊಂಡದ್ದನ್ನು ಅಪ್ಪ ವರ್ಷಕ್ಕೊಂದು ಮಧ್ಯಾಹ್ನದಂತೆ ಅವನಿಗೆ ವಾಪಸು ಕೊಟ್ಟಿದ್ದರು. ಅಪ್ಪನ ಮೇಲೆ ಪ್ರೀತಿ ಉಕ್ಕಿ ಬಂತು. ಫೋಟೋದಲ್ಲಿ ಆ ಹುಡುಗನ ಹೆಗಲ ಮೇಲಿದ್ದ ಕೈ ಕೊನೆಯತನಕ ಅಲ್ಲಿಂದ ಇಳಿದಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಅಪ್ಪನ ಹೆಸರಿಗೆ ಎಳ್ಳುನೀರು ಬಿಟ್ಟೆ. ಗೆಳೆಯರ ಮನೆಗೆ ಹೋಗಿ ಬರುತ್ತೇನೆಂದು ಆಯಿಗೆ ಹೇಳಿ ಕಮಲಾಪುರಕ್ಕೆ ಹೋದೆ. ಅಲ್ಲಿ ಗೋಡೆಗೆ ತಾಗಿಸಿಟ್ಟ ಮಣೆಯ ಮೇಲೆ ಸೀರೆ, ಧೋತರ, ಕುಪ್ಪಸ ಸಾಲಾಗಿದ್ದವು, ಕೊನೆಯಲ್ಲಿ ಬಿಳಿ ಅಂಗಿ. ಬರುತ್ತೇನೆಂದು ನಾನು ಹೇಳಿರಲಿಲ್ಲ. ಆದರೂ ಅಂಗಿ ನನ್ನ ಮೈಯ ಅಳತೆಯದು. ಬಾಗಿಲಲ್ಲಿ ಬಿದ್ದ ನೆರಳನ್ನೇ ನೋಡಿ ಹೊಲಿದಿರಬೇಕು.

ಪೂಜೆಯಾಯಿತು. ಅವರು ಹೊರಗಿನ ತಂಬಿಗೆಯ ನೀರನ್ನು ನನ್ನ ಕಾಲಿಗೆ ಹಾಕಿದರು. ಅಂಗಿ ತೊಡಿಸಿ ಕುತ್ತಿಗೆಯ ಗುಂಡಿಯನ್ನು ತಾವೇ ಹಾಕಿದರು. ಗಂಜಿಯ ವಾಸನೆಯ ಜೊತೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಅಮಾವಾಸ್ಯೆಯ ಸಂಜೆ ಅಪ್ಪನ ಹತ್ತಿರ ಹೋದಾಗ ಬರುತ್ತಿದ್ದ ವಾಸನೆ ಅದು, ಟ್ರಂಕಿನ ಕರ್ಪೂರದ್ದು. "ಉಣ್ಣೂ ಮುಂದ ಹಿಂದ ಹೊಳ್ಳಿ ನೋಡಬಾರ್ದು" ಎಂದರು.

ಸಾಲಿನೆದುರು ಕೂತು ಹೋಳಿಗೆ ಮುರಿದೆ. ಬೆನ್ನ ಹಿಂದೆ ಬಟ್ಟೆ ಸರಿದ ಸದ್ದಾಯಿತು. ಅವರು ಕೂತರು ಅಂದುಕೊಂಡೆ. ಹೆಬ್ಬೆರಳೊಂದು ಎಡಹೆಗಲ ತುದಿಗೆ ಊರಿತು, ಕಿರುಬೆರಳು ಬೆನ್ನಿನ ನಡುವೆ ಬಂದು ನಿಂತಿತು, ಮತ್ತೆ ಅಲ್ಲಿಂದ ಬಲಹೆಗಲಿಗೆ. ಗೇಣು ಹಾಕುತ್ತಿದ್ದಾರೆ, ಮುಂದಿನ ವರ್ಷಕ್ಕೆ. ಕೈ ತಣ್ಣಗಿತ್ತು, ಹೆಂಗಸಿನ ಕೈಗಿಂತ ಅಗಲವಾಗಿತ್ತು. ಆಗ ಎದುರಿನ ಅಡುಗೆಮನೆಯ ಬಾಗಿಲಿನಿಂದ ಅವರು ತುಪ್ಪದ ಗಿಂಡಿ ಹಿಡಿದು ಹೊರಗೆ ಬಂದರು.

ನಾನು ಹಿಂದೆ ತಿರುಗಿ ನೋಡಲಿಲ್ಲ. ಧೈರ್ಯವಿರಲಿಲ್ಲ ಎಂದರೂ ಸರಿ, ನೋಡುವುದು ತಪ್ಪು ಅನ್ನಿಸಿತು ಎಂದರೂ ಸರಿ. ಅವರು ತುಪ್ಪ ಹಾಕುತ್ತ ನನ್ನ ಮುಖ ನೋಡಿದರು, ನನ್ನ ಹೆಗಲಾಚೆ ನೋಡಿದರು. ಒಂದು ವರ್ಷದ ದಣಿವು ಅವರ ಮುಖದಿಂದ ಇಳಿದದ್ದು ನನಗೆ ಕಾಣಿಸಿತು.

"ಉಣ್ಣು ಅಣ್ಣಾ" ಎಂದರು. ಅವರಿಗಿಂತ ಎಷ್ಟೋ ಚಿಕ್ಕವನಾದ ನಾನು ಹೂಂ ಎಂದೆ.

ನಾನು ಹೊರಟ ಮೇಲೆ ಅವರು ಬಾಗಿಲು ಮುಂದಕ್ಕೆ ಮಾಡಿಕೊಂಡರು. ಚಿಲಕ ಹಾಕಿದ ಸದ್ದು ಓಣಿಯಲ್ಲಿ ಕೇಳಿಸಿತು. ಬಸ್ಸಿನ ಹತ್ತಿರ ಬಾಳೆಹಣ್ಣಿನವಳು ನನ್ನನ್ನು ನೋಡಿ ಕೇಳದೆಯೇ ಹಣ್ಣು ಕಟ್ಟಿಕೊಟ್ಟಳು. "ಆರಾಮ ಆದ್ರೇನ್ರಿ? ಚಲೋ ಆತು" ಎಂದಳು. ಅವಳನ್ನು ತಿದ್ದುವ ಮನಸ್ಸಾಗಲಿಲ್ಲ.

ಹೆಡ್‌ಮಾಸ್ತರರಿಗೆ ನಾಲ್ಕು ಸಾಲು ಬರೆದುಕೊಟ್ಟರಾಯಿತು, ರಕ್ತ ಕುದಿಯದಿದ್ದರೆ ಬಿಡಲಿ ಎಂದುಕೊಳ್ಳುತ್ತ ಬ್ರಹ್ಮಪುರದ ಓಣಿ ಹೊಕ್ಕೆ. ಆಯಿ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಮೈಮೇಲಿನ ಅಂಗಿಯನ್ನು ಕಾಲರಿನಿಂದ ಕೆಳಗಿನತನಕ ನೋಡಿದಳು.

"ಎಲ್ಲಿ ತಗೊಂಡಿ?"

"ಜಗತ್‌ನ್ಯಾಗ" ಎಂದೆ. ನನ್ನ ಬಾಯಿಂದ ಬಂದದ್ದು ಅಪ್ಪನ ದನಿ.

ಆಯಿ ಮೊಣಕಾಲು ಹಿಡಿದುಕೊಂಡು ಎದ್ದು ದಾರಿ ಬಿಟ್ಟಳು.

"ಒಳಗ ಬ್ಯಾಡ, ಸಂದಿಯಿಂದ ಹೋಗು" ಎಂದಳು. "ಹಿತ್ತಲದಾಗ ಬಕೆಟ್ಟಿಗೆ ನೀರು ತುಂಬಿಟ್ಟೀನಿ."